ಮೂಲ್ಯಾಗಿನ ಅಂಕಿ

ಒಬ್ಬ ಹುಡುಗಿ ಮೂರು ವಾರ ಕೂತು ಮಾಡಿದ ಕೆಲಸವನ್ನು ನಾನು ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಹಾಳು ಮಾಡಿದೆ. ಕೈಯಿಂದ ಮುಟ್ಟಿ ಹಾಳು ಮಾಡಿದ್ದರೆ ಅದೊಂದು ಮಾತು. ನಾನು ಮಷಿನ್ನಿನಿಂದ ಐವತ್ತು ಹೆಜ್ಜೆ ದೂರ, ರಸ್ತೆಯ ಆಚೆ ದಂಡೆಯ ಚಹಾದಂಗಡಿಯಲ್ಲಿ, ಬಾಯಿಗೆ ಇಡೀ ಮಿರ್ಚಿ ಭಜಿ ತುರುಕಿಕೊಂಡು ನಿಂತಿದ್ದೆ. ಅಲ್ಲಿಂದಲೇ ಒಂದು ಮಾತು ಕೂಗಿದೆ, ಅಷ್ಟೆ. ಬಾದಾಮಿ ಗುಹೆಗಳ ಮುಂದೆ ಪ್ರವಾಸಿಗರ ಬುತ್ತಿ ಕಸಿಯುವ ಮಂಗಗಳ ಇಡೀ ಹಿಂಡಿಗೂ ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ನಷ್ಟ ಮಾಡಲು ಬರುವುದಿಲ್ಲ.

ಆಗ ನನಗೆ ಇಪ್ಪತ್ತೊಂದು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಾಗಲಕೋಟೆಯ ಒಂದು ಟೈಪಿಂಗ್ ಕ್ಲಾಸಿನಲ್ಲಿ ನಾನು ಮಾಸ್ತರ. ಮಾಸ್ತರ ಅಂದರೆ ದೊಡ್ಡದೇನೂ ಅಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವುದು, ಟೈಪ್‌ರೈಟರುಗಳ ಮೇಲಿನ ಮುಸುಕು ಸರಿಸುವುದು, ಹುಡುಗರು ಒಂದೇ ಸಾಲನ್ನು ನೂರು ಸಲ ಕುಟ್ಟುವಾಗ ಅವರ ಹಿಂದೆ ಕೈಕಟ್ಟಿ ಅಡ್ಡಾಡುವುದು. ಕ್ಲಾಸಿನ ಮಾಲೀಕರನ್ನು ನಾವು ಸರ್ ಅನ್ನುತ್ತಿದ್ದೆವು. ಅವರು ಒಂದು ದಿನ ಹುಬ್ಬಳ್ಳಿಗೆ ಹೋದವರು ಟೆಂಪೋದಲ್ಲಿ ಒಂದು ಕಂಪ್ಯೂಟರ್ ಹೇರಿಕೊಂಡು ಬಂದರು. ಕರಿ ಪರದೆ, ಹಸಿರು ಅಕ್ಷರ, ಎರಡು ಫ್ಲಾಪಿ ಹಾಕುವ ಎರಡು ಬಾಯಿ. ಮೊದಲ ದಿನ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಕಾಯಿಯ ನೀರು ಕೀಲಿಮಣೆಯ ಮೇಲೆ ಸುರಿಯದಂತೆ ಹಿಡಿಯುವ ಜವಾಬ್ದಾರಿ ನನಗೆ ಕೊಟ್ಟಿದ್ದರು. ನಾಲ್ಕು ಹನಿ ಸುರಿಯಿತು. ಅಂದಿನಿಂದ 'ಕೆ' ಅಕ್ಷರವನ್ನು ಎರಡು ಸಲ ಒತ್ತಬೇಕಾಗುತ್ತಿತ್ತು. ಈ ವಿಷಯ ಸರ್‌ಗೆ ಇವತ್ತಿಗೂ ಗೊತ್ತಿಲ್ಲ.

ಸರ್ ಒಂದು ಇಂಗ್ಲಿಷ್ ಕಂಪ್ಯೂಟರ್ ಮಾಸಪತ್ರಿಕೆ ತರಿಸುತ್ತಿದ್ದರು. ಅದರ ಕೊನೆಯ ಪುಟಗಳಲ್ಲಿ ಸಣ್ಣಸಣ್ಣ ಪ್ರೋಗ್ರಾಮುಗಳನ್ನು ಅಚ್ಚು ಹಾಕುತ್ತಿದ್ದರು. ಒಂದು ಸಂಚಿಕೆಯಲ್ಲಿ ಬಂದದ್ದನ್ನು ನೋಡಿ ನನಗೆ ಹುಚ್ಚು ಹಿಡಿಯಿತು. ಅದನ್ನು ಒಮ್ಮೆ ಚಾಲೂ ಮಾಡಿದರೆ ಸಾಕು, ಅದು ಮಷಿನ್ನಿನ ಒಳಗೆ ತೆಪ್ಪಗೆ ಕೂತುಬಿಡುತ್ತದೆ. ನೀವು ಬೇರೆ ಏನು ಕೆಲಸ ಮಾಡುತ್ತಿದ್ದರೂ ಪರದೆಯ ಮೇಲಿನ ಮೂಲೆಯಲ್ಲಿ ಒಂದು ಅಂಕಿ ತೋರಿಸುತ್ತಿರುತ್ತದೆ. ಮಷಿನ್ನಿನ ಮೆಮೊರಿಯಲ್ಲಿ ಇನ್ನೆಷ್ಟು ಜಾಗ ಉಳಿದಿದೆ ಎನ್ನುವ ಅಂಕಿ. ಕೆಲಸ ಮಾಡಿದಷ್ಟೂ ಅದು ಇಳಿಯುತ್ತದೆ. ಸೊನ್ನೆಗೆ ಬಂದರೆ ಮಷಿನ್ನು ನಿಂತಲ್ಲೇ ನಿಲ್ಲುತ್ತದೆ.

ಎರಡು ಪುಟದ ತುಂಬ ಅಂಕಿ ಅಕ್ಷರಗಳ ಜೋಡಿ. ಅದನ್ನು ನೋಡಿ ನೋಡಿ ಕುಟ್ಟಲು ನನಗೆ ಹನ್ನೊಂದು ದಿನ ಹಿಡಿಯಿತು. ಮೊದಲ ಸಲ ಚಾಲೂ ಮಾಡಿದಾಗ ಮಷಿನ್ನು ಕೀ ಎಂದು ಅರಚಲು ಶುರುಮಾಡಿ, ಪಕ್ಕದ ದವಾಖಾನಿಯ ಕಂಪೌಂಡರು ಓಡಿ ಬಂದರು. ಎರಡನೆಯ ಸಲ ಪರದೆಯ ತುಂಬ ನಗುವ ಮುಖಗಳು ಬಂದವು. ಅವು ನನ್ನನ್ನೇ ನೋಡಿ ನಗುತ್ತಿದ್ದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮೂರನೆಯ ಸಲ ಅಂಕಿ ಬಂತು. ನಾನು ಟೈಪಿಂಗ್ ಮಾಡುತ್ತಿದ್ದ ಹುಡುಗರನ್ನೆಲ್ಲ ಎಬ್ಬಿಸಿ ತೋರಿಸಿದೆ. ಸರ್ ಕನ್ನಡಕ ಏರಿಸಿ ನೋಡಿದರು.

"ಇದೇನೋ ಶಾಣ್ಯಾ?"

"ಮೆಮೊರಿ ಎಷ್ಟು ಉಳದದ ಅಂತ ತೋರಸ್ತದ ಸರ್. ಪೆಟ್ರೋಲ್ ಮೀಟರ್ ಇದ್ದಂಗ."

"ನನ್ನ ಗಾಡಿಗೇ ಪೆಟ್ರೋಲ್ ಮೀಟರ್ ಇಲ್ಲಲೇ. ಹತ್ತು ವರ್ಷ ಆತು, ಅಡ್ಡ ಮಲಗಿಸಿ ಕಿವಿಗೊಟ್ಟು ಕೇಳಿ ಓಡಸ್ತೀನಿ. ನಿನಗ್ಯಾಕ ಬೇಕೋ ಇದು?"

ಯಾಕೆ ಬೇಕಿತ್ತು ಅನ್ನುವುದನ್ನು ಸರ್‌ಗೆ ಹೇಳುವಂತಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಆ ತಿಂಗಳು ಇಳಕಲ್ಲಿನಿಂದ ಒಬ್ಬ ಹುಡುಗಿ ಬರತೊಡಗಿದ್ದಳು. ಮಂಗಳವಾರ ಮತ್ತು ಗುರುವಾರ. ಮನೆಯಲ್ಲಿ ಮಗ್ಗ. ಅಪ್ಪ ಸೀರೆ ನೇಯುತ್ತಿದ್ದರು, ಅವ್ವ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದರು. ಈಕೆಗೆ ಮಾತ್ರ ನೇಯುವುದಕ್ಕಿಂತ ನೇಯುವುದನ್ನು ಬರೆಯುವ ಹುಚ್ಚು. ಚೌಕಳಿ ಹಾಳೆಯ ಮೇಲೆ ಒಂದೊಂದು ಮನೆ ತುಂಬುತ್ತ ಸೀರೆಯಂಚಿಗೆ ಹೊಸ ಹೊಸ ದಡಿ ಬರೆಯುತ್ತಿದ್ದಳು. ದೂರದ, ಎರಡು ರೈಲು ಬದಲಿಸಿ ಹೋಗಬೇಕಾದ ಊರಿನಲ್ಲಿ ಒಂದು ನೇಯ್ಗೆ ಶಾಲೆ. ಅಲ್ಲಿ ಎರಡು ವರ್ಷ ಡಿಸೈನ್ ಕಲಿಸುತ್ತಾರೆ. ಹಾಸ್ಟೆಲ್ಲಿನಲ್ಲಿ ಇಟ್ಟುಕೊಳ್ಳುತ್ತಾರೆ. ಅರ್ಜಿಯ ಜೊತೆ ಒಂದು ಪೂರ್ತಿ ಸೀರೆಯ ದಡಿ ಮತ್ತು ಸೆರಗು, ಸ್ವಂತದ್ದು, ಮನೆಮನೆ ಎಣಿಸಿ ಬರೆದದ್ದು, ಗೊತ್ತುಪಡಿಸಿದ ಒಂದು ಸೋಮವಾರ ಇಳಕಲ್ಲಿಗೇ ಬರುವ ಅವರ ಅಧಿಕಾರಿಯ ಕೈಗೆ ಕೊಡಬೇಕು. ತಪ್ಪಿದರೆ ಮುಂದಿನ ವರ್ಷ. ಕಂಪ್ಯೂಟರಿನಲ್ಲಿ ಮಾಡಿದರೆ ಸಾಲುಸಾಲು ನೆಟ್ಟಗೆ ಬರುತ್ತದೆ, ಅವರು ಮೆಚ್ಚುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಸರ್ ಬಳಿ ಚಿತ್ರ ಬರೆಯುವ ಒಂದು ಪ್ರೋಗ್ರಾಮಿನ ಫ್ಲಾಪಿ ಇತ್ತು. ಹೀಗೆ ಆಕೆ ನಮ್ಮ ಕ್ಲಾಸಿಗೆ ಬಂದಳು.

ಒಬ್ಬಳೇ ಬರುತ್ತಿರಲಿಲ್ಲ. ಜೊತೆಗೆ ಅವ್ವ. ಬೆಳಗಿನ ಬಸ್ಸಿಗೆ ಇಳಕಲ್ಲು ಬಿಟ್ಟು, ಹುನಗುಂದದಲ್ಲಿ ಬಸ್ಸು ನಿಂತಾಗ ಅಲ್ಲೊಂದು ಚಹಾ ಕುಡಿದು, ಹತ್ತೂವರೆಗೆ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಅವ್ವ ಗೋಡೆ ಬದಿಯ ಸ್ಟೂಲಿನ ಮೇಲೆ ಕೂತು ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಮಧ್ಯಾಹ್ನ ಎರಡರವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಮಗಳು ಮಷಿನ್ನಿನ ಮುಂದೆ. ನಾನು ಮಗಳ ಹಿಂದೆ, ಕಲಿಸುವ ನೆಪದಲ್ಲಿ.

ಈಗ ಅಂಕಿ ಯಾಕೆ ಬೇಕಿತ್ತು ಅಂತ ಹೇಳುತ್ತೇನೆ. ಕರಿ ಪರದೆ ಗಾಜಿನದು. ಕಿಟಕಿಯ ಬೆಳಕು ಆಕೆಯ ಮುಖದ ಮೇಲೆ ಬಿದ್ದು, ಆ ಮುಖ ಗಾಜಿನ ಬಲಗಡೆಯ ಮೇಲಿನ ಮೂಲೆಯಲ್ಲಿ ಕಾಣಿಸುತ್ತಿತ್ತು. ಎಡಗಡೆಯ ಕಿವಿಯ ಓಲೆ, ಅರ್ಧ ಹಣೆ, ಎಣಿಸುವಾಗ ಅಲುಗುವ ತುಟಿ. ಹಿಂದೆ ನಿಂತ ಮಾಸ್ತರನಿಗೆ ಇಷ್ಟು ಸಾಕಾಗಿತ್ತು. ಆದರೆ ಮಾಸ್ತರನಾದವನು ಕೆಲಸ ನಡೆಯುವ ಜಾಗ ಬಿಟ್ಟು ಖಾಲಿ ಮೂಲೆಯನ್ನೇ ನೋಡುತ್ತ ನಿಂತರೆ ಸ್ಟೂಲಿನ ಮೇಲಿನ ಅವ್ವ ಏನು ತಿಳಿದಾರು? ಆ ಮೂಲೆಯಲ್ಲಿ ನೋಡಲು ಏನಾದರೂ ಇರಬೇಕಿತ್ತು. ಅದಕ್ಕೇ ಹನ್ನೊಂದು ದಿನ ಕುಟ್ಟಿದ್ದು. ಪತ್ರಿಕೆಯವರು ಎಡಗಡೆಯ ಮೂಲೆಯಲ್ಲಿ ಅಂಕಿ ಇಟ್ಟಿದ್ದರು. ಅದನ್ನು ಬಲಗಡೆಗೆ ತರಲು ಇನ್ನೂ ಎರಡು ದಿನ ಹೋಯಿತು.

ಅಂಕಿಯ ಹಿಂದೆ ನಾನೇ ಒಂದು ಪದ ಸೇರಿಸಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಖಾಲಿ ಅಂತ. ಖಾಲಿ 212, ಖಾಲಿ 209, ಹೀಗೆ. ಅಂಕಿ ಬಂದ ಮೊದಲ ದಿನವೇ ಅವ್ವ ಸ್ಟೂಲಿನಿಂದ ಕೇಳಿದರು.

"ಆ ಮೂಲ್ಯಾಗ ಏನ್ ಬರದೀ ತಮ್ಮಾ?"

"ಖಾಲಿ ಅಂತ ರೀ ಅವ್ವಾರ. ಎಷ್ಟು ಜಾಗ ಖಾಲಿ ಅದ ಅಂತ."

"ಅಯ್ಯ ನನ ಶಿವನ! ಸೀರಿ ಕೆಲಸ ನಡದೈತಿ, ಮುಂದ ಖಾಲಿ ಅಂತ ಬರಕೊಂಡು ಕೂಡ್ತಾರೇನೋ? ಅಳಸು ಅದನ್ನ. ನಿಮ್ಮವ್ವ ನಿನಗ ಏನೂ ಹೇಳಿಲ್ಲೇನು?"

ಮಗಳು ತಿರುಗಿ ನೋಡದೆ, "ಅಳಸ್ರಿ ಮಾಸ್ತರ. ಇಲ್ಲಂದ್ರ ಹುನಗುಂದದ ತನಕಾ ಇದನ್ನ ಕೇಳಬೇಕಾಗ್ತೈತಿ ನಾನು," ಅಂದಳು.

ಅಳಿಸಿದೆ. ಬರಿಯ ಅಂಕಿ ಉಳಿಯಿತು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಅಂಕಿ ಬರುತ್ತಿದ್ದವು. ಬಸ್ಸಿನ ನಂಬರು ಓದಿ ಓದಿ ಕಲಿತದ್ದು. ಮೆಮೊರಿ ಅಂದರೆ ಏನು ಅಂತ ಕೇಳಿದಾಗ ನಾನು ದೊಡ್ಡ ಪಂಡಿತನಂತೆ, "ನೆನಪು ರೀ ಅವ್ವಾರ. ಮಷಿನ್ನಿನ ನೆನಪು. ನಿಮ್ಮ ಮಗಳು ಬರದದ್ದನ್ನ ಅದು ನೆನಪಿಟ್ಟುಕೋತದ. ಆ ಅಂಕಿ ಅಂದ್ರ ಇನ್ನೆಷ್ಟು ನೆನಪು ಉಳದದ ಅಂತ," ಅಂದೆ. ಅವ್ವ ತಲೆ ಆಡಿಸಿದರು. ನಂತರ ಸ್ಟೂಲಿನ ಮೇಲೆ ಕೂತು ಅವರೂ ಅಂಕಿ ನೋಡತೊಡಗಿದರು. ಆ ಮೂಲೆಯನ್ನು ನಾನೊಬ್ಬನೇ ನೋಡಬೇಕೆಂದು ಕಷ್ಟಪಟ್ಟು ಕಟ್ಟಿದರೆ ಈಗ ಅಲ್ಲಿ ಅವ್ವನ ಕಣ್ಣೂ ಬಂದು ಕೂತಿತು.

ಆಕೆ ಬರೆಯುತ್ತಿದ್ದದ್ದು ಹಂಸ. ಐಹೊಳೆಯ ಯಾವುದೋ ಗುಡಿಯ ಕಂಬದ ಮೇಲೆ ನೋಡಿಕೊಂಡು ಬಂದದ್ದಂತೆ. ಒಂದರ ಬಾಲ ಹಿಡಿದು ಇನ್ನೊಂದು, ದಡಿಯ ಉದ್ದಕ್ಕೂ. ಮೊದಲ ದಿನ ಪರದೆಯ ಮೇಲೆ ಹಸಿರು ಚೌಕಗಳಲ್ಲಿ ಅದು ಮೂಡಿದಾಗ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು.

"ಕೋಳಿ ಭಾಳ ಚಲೋ ಬಂದದ ನೋಡ್ರಿ," ಅಂದೆ.

ಆಕೆ ಎರಡು ಮನೆ ಅಳಿಸಿ, ಕುತ್ತಿಗೆ ಉದ್ದ ಮಾಡಿ, "ಈಗ?" ಅಂದಳು.

"ಈಗ ಒಂಟಿ."

ಗಾಜಿನಲ್ಲಿ ಓಲೆ ಅಲುಗಿತು. ನಗು ತಡೆದುಕೊಂಡಾಗ ಅದು ಹಾಗೆ ಅಲುಗುತ್ತಿತ್ತು. ಮಂಗಳವಾರದಿಂದ ಗುರುವಾರದವರೆಗಿನ ಒಂದು ದಿನವನ್ನು ನಾನು ಹೇಗೋ ನೂಕುತ್ತಿದ್ದೆ. ಗುರುವಾರದಿಂದ ಮಂಗಳವಾರದವರೆಗಿನ ನಾಲ್ಕು ದಿನಗಳು ನಾಲ್ಕು ವರ್ಷ. ಆ ದಿನಗಳಲ್ಲಿ ಹುಡುಗರು ಟೈಪ್‌ರೈಟರ್ ಕುಟ್ಟುತ್ತಿದ್ದರೂ ಕ್ಲಾಸು ಬಿಕೋ ಅನ್ನುತ್ತಿತ್ತು. ಆಕೆ ಕೀಲಿ ಒತ್ತುವ ರೀತಿಯೇ ಬೇರೆ. ಮೂರು ಒತ್ತು, ತಡೆ, ಎರಡು ಒತ್ತು, ತಡೆ. ಮಗ್ಗದ ಮನೆಯವರ ಕೈ. ಇಳಕಲ್ಲಿನ ಬಸ್ಸು ತಡವಾದ ಮುಂಜಾನೆ ನಾನು ಕಿಟಕಿಯಿಂದ ಬಗ್ಗಿ ಬಗ್ಗಿ ನೋಡಿ, ಒಮ್ಮೆ ಬಗ್ಗಿದ್ದು ಹೆಚ್ಚಾಗಿ, ಕೆಳಗೆ ಬಾಳೆಹಣ್ಣಿನ ಗಾಡಿಯವನ ಮೇಲೆ ನನ್ನ ಕಿಸೆಯಲ್ಲಿದ್ದ ಪೆನ್ನು, ಬಾಚಣಿಗೆ, ಸರ್ ಕೊಟ್ಟ ಕೀಲಿಗೊಂಚಲು ಮೂರನ್ನೂ ಸುರಿದಿದ್ದೆ.

ಆಕೆ ಆಯ್ಕೆಯಾದರೆ ಹೋಗಿಬಿಡುತ್ತಾಳೆ. ಆಗದಿದ್ದರೆ ಇನ್ನೊಂದು ವರ್ಷ ಮಂಗಳವಾರ, ಗುರುವಾರ. ಇದು ನನಗೆ ಗೊತ್ತಿತ್ತು. ಆಕೆಗೂ ಗೊತ್ತಿರಬೇಕು ಅಂತ ನನಗೆ ಆಗ ಹೊಳೆಯಲಿಲ್ಲ. ದೇವರ ಮುಂದೆ ನಿಂತರೆ ಅರ್ಧ ಮನಸ್ಸು ಆಕೆಗೆ ಸಿಗಲಿ ಅನ್ನುತ್ತಿತ್ತು. ಇನ್ನರ್ಧ ಏನನ್ನುತ್ತಿತ್ತು ಅಂತ ಬರೆಯಲು ನಾಚಿಕೆ. ದೇವರು ಎರಡೂ ಅರ್ಜಿಗಳನ್ನು ಬದಿಗಿಟ್ಟು ತನ್ನ ಬೇರೆ ಕೆಲಸ ನೋಡಿಕೊಂಡಿರಬೇಕು.

ಕೊನೆಯ ಗುರುವಾರ ಬಂತು. ಸೋಮವಾರ ಅಧಿಕಾರಿ ಇಳಕಲ್ಲಿಗೆ ಬರುವವರಿದ್ದರು. ಅಂದು ದಡಿಯನ್ನೂ ಸೆರಗನ್ನೂ ಕೂಡಿಸಿ ಒಂದೇ ಮಾಡಿ, ಮಧ್ಯಾಹ್ನ ಪ್ರಿಂಟ್ ತೆಗೆಯುವುದು ಅಂತ ತೀರ್ಮಾನ. ಅಲ್ಲಿಯವರೆಗೆ ಒಂದು ಹಾಳೆಯೂ ಪ್ರಿಂಟ್ ಆಗಿರಲಿಲ್ಲ. ರಿಬ್ಬನ್ ಸವೆಯುತ್ತದೆ ಅನ್ನುವುದು ಸರ್ ಕಾನೂನು. ಒಬ್ಬರಿಗೆ ಒಂದೇ ಫ್ಲಾಪಿ ಅನ್ನುವುದು ಅವರ ಎರಡನೆಯ ಕಾನೂನು. ಹಾಗಾಗಿ ಮೂರು ವಾರದ ಹಂಸಗಳೆಲ್ಲ ಆ ಒಂದೇ ಫ್ಲಾಪಿಯ ಮೇಲೆ ಇದ್ದವು. ಚಿತ್ರದ ಪ್ರೋಗ್ರಾಮು ಪ್ರತಿ ಸಾಲು ಮುಗಿದಾಗಲೂ ಫ್ಲಾಪಿಯ ಮೇಲಿನ ಹಳೆಯದನ್ನು ಒರೆಸಿ, ಹೊಸದನ್ನು ಬರೆಯುತ್ತಿತ್ತು. ಒರೆಸಿದ ಮೇಲೆ, ಬರೆಯುವ ಮೊದಲು ಮೆಮೊರಿ ತೀರಿತೋ, ಎರಡೂ ಹೋದಂತೆ. ಅದಕ್ಕೆ ನಾನು ಆಕೆಗೆ ಎಚ್ಚರಿಕೆಯಿಂದ ಹೇಳಿದ್ದೆ, ಅಂಕಿ ಇಪ್ಪತ್ತಕ್ಕೆ ಬಂದರೆ ನಿಲ್ಲಿಸಬೇಕು, ಉಳಿದದ್ದನ್ನು ಬೇರೆ ಫ್ಲಾಪಿಯಲ್ಲಿ ಮಾಡಬೇಕು, ಸರ್ ಕಾಲು ಹಿಡಿದಾದರೂ ನಾನು ಇನ್ನೊಂದು ಫ್ಲಾಪಿ ತರುತ್ತೇನೆ ಅಂತ. ಎರಡೂ ಹೋಗುತ್ತವೆ ಅನ್ನುವುದನ್ನು ಮಾತ್ರ ಬಿಡಿಸಿ ಹೇಳಿರಲಿಲ್ಲ. ಮಷಿನ್ನು ನಿಂತುಬಿಡುತ್ತದೆ ಅಂತಷ್ಟೇ ಹೇಳಿದ್ದೆ.

ಬೆಳಗಿನಿಂದ ಒಂದು ಕ್ಷಣವೂ ಬಿಡದೆ ಹಿಂದೆ ನಿಂತಿದ್ದೆ. ಹನ್ನೆರಡಕ್ಕೆ ರಸ್ತೆಯ ಆಚೆಯಿಂದ ಗೆಳೆಯರು ಸಿಳ್ಳೆ ಹಾಕಿದರು. ಕಡಾಯಿಯಿಂದ ಆಗಷ್ಟೇ ತೆಗೆದ ಮಿರ್ಚಿಯ ವಾಸನೆ ಮೆಟ್ಟಿಲು ಹತ್ತಿ ಬಂತು. ಅಂಕಿ ಐವತ್ತೆಂಟು ತೋರಿಸುತ್ತಿತ್ತು. ಸಾಕಷ್ಟು ಹೊತ್ತು ಇದೆ ಅಂದುಕೊಂಡೆ.

"ಅವ್ವಾರ, ಒಂದೈದು ನಿಮಿಷ ಚಾ ಕುಡದು ಬರ್ತೀನಿ. ಮಗಳ ಲಕ್ಷ್ಯ ಎಣಿಸೋದರ ಮ್ಯಾಲೆ ಅದ. ನೀವು ಆ ಮೂಲ್ಯಾಗಿನ ಅಂಕಿ ನೋಡ್ತಿರ್ರಿ. ಇಪ್ಪತ್ತಕ್ಕ ಬಂತು ಅಂದ್ರ ಕಿಟಕ್ಯಾಗಿಂದ ಒದರ್ರಿ. ಹಾರಿ ಬರ್ತೀನಿ."

"ಹೋಗಿ ಬಾ. ನಾ ನೋಡ್ತೇನಿ," ಅಂದರು ಅವ್ವ.

ಚಹಾ ಬಂತು. ಮಿರ್ಚಿ ಬಂತು. ಎರಡನೆಯ ಮಿರ್ಚಿ ಬಾಯಲ್ಲಿದ್ದಾಗ ಮೇಲಿನ ಕಿಟಕಿಯಲ್ಲಿ ಅವ್ವನ ತಲೆ ಕಾಣಿಸಿತು. ಇಡೀ ಪೇಟೆಗೆ ಕೇಳುವಂತೆ ಕೂಗಿದರು.

"ತಮ್ಮಾ! ನೆನಪು ಹೆಚ್ಚಾಗಾಕತ್ತೈತಿ ಬಾರೋ!"

ಚಹಾದಂಗಡಿಯಲ್ಲಿ ನನ್ನ ಗೆಳೆಯರು ಬೆಂಚು ಕುಟ್ಟತೊಡಗಿದರು.

"ಕೇಳಿದ್ಯೇನಲೇ! ನಿನ್ನ ನೆನಪು ಹೆಚ್ಚಾಗೇತಂತ! ಐದು ನಿಮಿಷ ಬಿಟ್ಟ ಇರಾಕ ಆಗವಲ್ದಂತ!"

"ಅತ್ತೀನ ಕರ್ಯಾಕತ್ತಾಳಲೇ, ಏಳೋ ಅಳಿಯಾ!"

ನನ್ನ ಕಿವಿ ಎರಡೂ ಮಿರ್ಚಿಗಿಂತ ಬಿಸಿಯಾದವು. ನಾಚಿಕೆ, ಖುಷಿ, ಗಂಟಲಲ್ಲಿ ಖಾರ. ಆ ಗೊಂದಲದಲ್ಲಿ ನನಗೆ ಒಂದೇ ಹೊಳೆದದ್ದು: ನೆನಪು ಹೆಚ್ಚಾಗುತ್ತಿದೆ ಅಂದರೆ ಅಂಕಿ ಏರುತ್ತಿದೆ. ಮಷಿನ್ನು ಏನೋ ಜಾಗ ಬಿಡಿಸಿಕೊಂಡಿರಬೇಕು. ಒಳ್ಳೆಯದೇ ಆಯಿತು. ಕೈಯಲ್ಲಿದ್ದ ಚಹಾದ ಬಸಿಯನ್ನು ಮೇಲೆತ್ತಿ, ಮುತ್ಸದ್ದಿಯಂತೆ ಕೂಗಿದೆ.

"ಹೆಚ್ಚಾಗ್ಲಿ ಬಿಡ್ರಿ ಅವ್ವಾರ! ಚಲೋನ ಆತು!"

"ನಡೀಲೇನು ಹಂಗಾರ?"

"ನಡೀಲಿ, ನಡೀಲಿ!"

ಅವ್ವನ ತಲೆ ಒಳಗೆ ಹೋಯಿತು. ನಾನು ಚಹಾ ಮುಗಿಸಿದೆ.

ನನ್ನ ಅವ್ವ ಬಳೆ ಒಡೆದರೆ ಒಡೆದವು ಅನ್ನುವುದಿಲ್ಲ, ಬಳಿ ಹೆಚ್ಚಾದ್ವು ಅನ್ನುತ್ತಾಳೆ. ಅಕ್ಕಿಯ ಡಬ್ಬಿಯ ತಳ ಕಂಡರೆ, ಅಕ್ಕಿ ಹೆಚ್ಚಾಗ್ಯಾವ, ತರ್ರಿ ಅನ್ನುತ್ತಾಳೆ. ಕುಂಕುಮ ತೀರಿದರೂ ಹೆಚ್ಚಾಯಿತು, ಅರಿಷಿಣ ತೀರಿದರೂ ಹೆಚ್ಚಾಯಿತು. ಮುಗಿಯಿತು ಅನ್ನುವ ಮಾತನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಶುಭದ ವಸ್ತುವಿನ ಮೇಲೆ ಆಡುವುದೇ ಇಲ್ಲ. ಇಪ್ಪತ್ತೊಂದು ವರ್ಷ ಆ ಮನೆಯಲ್ಲಿ ಉಂಡಿದ್ದೇನೆ. ಅಕ್ಕಿ ಹೆಚ್ಚಾದಾಗಲೆಲ್ಲ ಚೀಲ ಹಿಡಿದು ಅಂಗಡಿಗೆ ಓಡಿದವನು ನಾನೇ. ಪರದೆಯ ಮೇಲೆ ಖಾಲಿ ಅಂತ ಬರೆದದ್ದಕ್ಕೇ ಬೈಸಿಕೊಂಡಿದ್ದೆ. ಇಷ್ಟಿದ್ದೂ, ಇಳಕಲ್ಲಿನ ಒಬ್ಬ ಮಗ್ಗದ ಮನೆಯ ಹೆಂಗಸು ಸೀರೆಯ ಕೆಲಸದ ಮುಂದೆ ಕೂತು ನೆನಪು ಮುಗಿಯಿತು ಅಂತ ಬಾಯಿಬಿಟ್ಟು ಕೂಗಬೇಕು ಅಂತ ನಾನು ಕಾಯುತ್ತಿದ್ದೆನೇ?

ಮೆಟ್ಟಿಲು ಹತ್ತುವಾಗ ಸದ್ದು ಇರಲಿಲ್ಲ. ಮೂರು ಒತ್ತು, ತಡೆ, ಎರಡು ಒತ್ತು ಇರಲಿಲ್ಲ. ಒಳಗೆ ಫ್ಲಾಪಿಯ ಕೆಂಪು ದೀಪ ಹತ್ತಿದ್ದು ಹತ್ತಿಯೇ ಇತ್ತು. ಹಂಸಗಳು ಪರದೆಯ ಮೇಲೆ ನಿಂತಿದ್ದವು, ಆದರೆ ಯಾವ ಕೀಲಿ ಒತ್ತಿದರೂ ಅಲುಗುತ್ತಿರಲಿಲ್ಲ. ಮೂಲೆಯಲ್ಲಿ ಅಂಕಿ 1.

"ನಾ ಹೇಳಿದ್ನೆಲ್ಲೋ ತಮ್ಮಾ, ಹೆಚ್ಚಾಗಾಕತ್ತೈತಿ ಅಂತ," ಅಂದರು ಅವ್ವ.

ಸರ್ ಬಂದರು. ಹತ್ತು ನಿಮಿಷ ಕಾದು, ತಮ್ಮ ಕೈಯಿಂದಲೇ ಸ್ವಿಚ್ ಆರಿಸಿ ಮತ್ತೆ ಹಾಕಿದರು. ಫ್ಲಾಪಿ ತೆರೆದರೆ ಒಳಗೆ ಏನೂ ಇರಲಿಲ್ಲ. ಸರ್ ಒಂದು ಹಾಳೆಯ ಮೇಲೆ ಏನೋ ಕೂಡಿಸಿ ಕಳೆದು, ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಶಾಣ್ಯಾ, ಮೆಮೊರಿ ತೋರಸೂ ನಿನ್ನ ಪ್ರೋಗ್ರಾಮು ಐತೆಲ್ಲ, ಅದೂ ಮೆಮೊರ್‍ಯಾಗ ಕೂತ ಜಾಗ ತಿಂತೈತಿ. ಅದೊಂದ ಇರಲಿಲ್ಲಂದ್ರ ಈ ದಡಿ ಪೂರ್ತಿ ಹಿಡೀತಿತ್ತು."

ಆಕೆಯ ಮುಖ ಒಂದೇ ಒಂದು ಮೂಲೆಯಲ್ಲಿ ಕಾಣಲಿ ಅಂತ ನಾನು ಮಾಡಿದ ಏರ್ಪಾಟೇ ಆಕೆಯ ಹಂಸಗಳನ್ನು ನುಂಗಿತ್ತು. ನಾನು ಕೂತುಬಿಟ್ಟೆ. ಎಲ್ಲಿ ಕೂತೆ ಅಂತ ನೋಡಲಿಲ್ಲ. ಅವ್ವನ ಬುತ್ತಿಯ ಗಂಟಿನ ಮೇಲೆ ಕೂತಿದ್ದೆ. ಒಳಗೆ ಜೋಳದ ರೊಟ್ಟಿಗಳು ಪಟಪಟ ಮುರಿದದ್ದು ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ. ನನ್ನ ಜೀವಮಾನದಲ್ಲಿ ನಾನು ಮಾಡಿದ ಒಂದು ಮಂಗಾಟಕ್ಕೆ ಯಾರೂ ನಗದಿದ್ದದ್ದು ಅದೇ ಮೊದಲು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಮಿರ್ಚಿಯ ಖಾರ ಅಂತ ಹೇಳಿದೆ. ಯಾರೂ ಕೇಳಿರಲಿಲ್ಲ.

ಆಕೆ ನನ್ನ ಮುಖ ನೋಡಿದಳು. ಗಾಜಿನಲ್ಲಿ ಅಲ್ಲ, ತಿರುಗಿ, ನೇರವಾಗಿ. ಮೂರು ವಾರದಲ್ಲಿ ಅದೇ ಮೊದಲನೆಯ ಸಲ. ಆಮೇಲೆ ಅವ್ವನ ಕಡೆ ತಿರುಗಿ, "ನಡಿಯವ್ವಾ. ಎರಡರ ಬಸ್ಸಿಗೆ ಹೋಗೂಣು. ಹಾದ್ಯಾಗ ಚೌಕಳಿ ಹಾಳಿ ತಗೋಬೇಕು," ಅಂದಳು.

ಮೆಟ್ಟಿಲು ಇಳಿಯುವಾಗ ನನಗೆ ಒಂದು ಮಾತು ಹೇಳಿದಳು. "ಅದು ಕೋಳಿ ಅಲ್ರೀ ಮಾಸ್ತರ. ಹಂಸ." ಅಷ್ಟೆ.

ಶುಕ್ರವಾರ, ಶನಿವಾರ, ರವಿವಾರ ಆಕೆ ಮನೆಯಲ್ಲಿ ಕೂತು ಇಡೀ ದಡಿಯನ್ನೂ ಸೆರಗನ್ನೂ ಪೆನ್ಸಿಲಿನಲ್ಲಿ ಚೌಕಳಿ ಹಾಳೆಯ ಮೇಲೆ ಬರೆದಳಂತೆ. ಅವ್ವ ಪಕ್ಕದಲ್ಲಿ ಕೂತು ಎಣಿಕೆ ಕೂಗಿದರಂತೆ. ಸೋಮವಾರ ಕೊಟ್ಟಳು. ತಿಂಗಳೊಳಗೆ ಆಯ್ಕೆಯ ಕಾಗದ ಬಂತು. ಇದೆಲ್ಲ ನನಗೆ ತಿಳಿದದ್ದು ಇಳಕಲ್ಲಿನಿಂದ ಬರುತ್ತಿದ್ದ ಬೇರೆ ಒಬ್ಬ ವಿದ್ಯಾರ್ಥಿಯಿಂದ. ಆಕೆ ನಮ್ಮ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ.

ಊರವರು ಏನು ಅಂದುಕೊಂಡಿದ್ದರೋ ಗೊತ್ತಿಲ್ಲ. ಗೆಳೆಯರು ಮಾತ್ರ, "ಬೇಕಂತ ಮಾಡಿದೀ ಬಿಡಲೇ, ಅಕಿ ಹೋಗಬಾರ್ದು ಅಂತ," ಅಂದರು. ನಾನು ಆಣೆ ಮಾಡಿದೆ. ಅಷ್ಟು ಕುತಂತ್ರದ ಬುದ್ಧಿ ಇದ್ದಿದ್ದರೆ ನಾನು ಇಷ್ಟೊತ್ತಿಗೆ ಎಲ್ಲಾದರೂ ಚುನಾವಣೆಗೆ ನಿಂತಿರುತ್ತಿದ್ದೆ. ಆದರೆ ಗೆಳೆಯರಿಗೆ ಆಣೆ ಮಾಡುವುದು ಸುಲಭ. ಒಬ್ಬನೇ ಇದ್ದಾಗ ನನ್ನನ್ನು ನಾನು ಕೇಳಿಕೊಳ್ಳುತ್ತಿದ್ದೆ. ಆ ದಿನ ಅವ್ವ ಕೂಗಿದಾಗ ನಿನ್ನೊಳಗಿನ ಇನ್ನರ್ಧ ಮನಸ್ಸು ಖರೆ ಅರ್ಥವನ್ನು ಕೇಳಿಸಿಕೊಂಡೂ ಸುಮ್ಮನಿತ್ತೇ? ಎದೆಯಲ್ಲಿ ಒಂದು ಮುಳ್ಳು.

ಒಮ್ಮೆ, ಆಕೆ ಹೊರಡುವ ವಾರ, ಇಳಕಲ್ಲಿಗೆ ಹೋಗಿ ತಪ್ಪಾಯಿತು ಅಂತ ಹೇಳಿ ಬರಬೇಕು ಅಂತ ಬಸ್ಸು ಹತ್ತಿದೆ. ಹುನಗುಂದ ಬಂತು. ಧೈರ್ಯ ಅ‌ಲ್ಲಿಗೇ ತೀರಿತು. ಇಳಿದೆ. ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಚಹಾ ಕುಡಿದೆ. ಇದೇ ಕಟ್ಟೆಯ ಮೇಲೆ ಮಂಗಳವಾರ ಗುರುವಾರ ಅವರಿಬ್ಬರೂ ಚಹಾದ ಕಪ್ಪು, ಬಸಿ ಹಿಡಿದು ನಿಂತಿರುತ್ತಿದ್ದರಲ್ಲ ಅಂತ ನೋಡುತ್ತ ನಿಂತೆ. ಇಳಕಲ್ಲಿನ ಕಡೆ ಮೂರು ಬಸ್ಸು ಹೋದವು. ನಾನು ಬಾಗಲಕೋಟೆಗೆ ವಾಪಸ್ಸು ಬಂದೆ. ಅದೂ ಅವಸರದಲ್ಲಿ ಬಾದಾಮಿಗೆ ಹೋಗುವ ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಇಳಿದು, ಒಂದು ಟ್ರ್ಯಾಕ್ಟರಿನಲ್ಲಿ ಈರುಳ್ಳಿ ಚೀಲಗಳ ಮೇಲೆ ಕೂತು ಬಂದೆ.

ಅಂಕಿಯ ಪ್ರೋಗ್ರಾಮನ್ನು ಅಳಿಸು ಅಂತ ಸರ್ ಹೇಳಿದರು. ಅಳಿಸುತ್ತೇನೆ ಅಂದೆ, ಅಳಿಸಲಿಲ್ಲ. ಮಂಗಳವಾರ, ಗುರುವಾರ ಮುಂಜಾನೆ ಮಷಿನ್ನು ಹಚ್ಚಿ ಅದನ್ನು ಚಾಲೂ ಮಾಡಿ, ಯಾರೂ ಇಲ್ಲದ ಕುರ್ಚಿಯ ಹಿಂದೆ ನಿಲ್ಲುತ್ತಿದ್ದೆ. ಯಾರೂ ಕೆಲಸ ಮಾಡದಿದ್ದಾಗ ಅಂಕಿ ಇಳಿಯುವುದಿಲ್ಲ. ಎಷ್ಟಿತ್ತೋ ಅಷ್ಟೇ, ದೊಡ್ಡದಾಗಿ, ಹಸಿರಾಗಿ ನಿಂತಿರುತ್ತದೆ. ಅಷ್ಟು ಜಾಗ ಇಟ್ಟುಕೊಂಡು ಏನು ಮಾಡುವುದು? ಗಾಜಿನ ಆ ಮೂಲೆಯಲ್ಲಿ ಕಿಟಕಿಯ ಸರಳುಗಳು ಕಾಣುತ್ತಿದ್ದವು, ಸರಳುಗಳ ಆಚೆ ಚಹಾದಂಗಡಿಯ ತಗಡು. ಒಂದು ಸಂಖ್ಯೆ ಇಳಿಯಲಿ ಅಂತ ಮನುಷ್ಯ ಇಷ್ಟು ಹಂಬಲಿಸಬಹುದು ಅಂತ ನನಗೆ ಗೊತ್ತಿರಲಿಲ್ಲ. ಕೆಲವೊಮ್ಮೆ ನಾನೇ ಕೂತು ಒಂದೆರಡು ಚೌಕ ತುಂಬುತ್ತಿದ್ದೆ. ಹಂಸ ಬರೆಯಲು ಹೋದರೆ ಖರೆ ಕೋಳಿಯೇ ಬರುತ್ತಿತ್ತು.

ಸುಮಾರು ಎಂಟು ತಿಂಗಳ ನಂತರ ಒಂದು ಶನಿವಾರ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಅವ್ವ. ಒಬ್ಬರೇ. ತುಳಸಿಗೇರಿಗೆ ಹೋಗಿ ಹನುಮಪ್ಪನ ದರ್ಶನ ಮಾಡಿ ಬಂದಿದ್ದರು. ಇಳಕಲ್ಲಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟೂಲು ಎಳೆದು ಕೊಟ್ಟೆ. ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಪ್ರಸಾದದ ಪೊಟ್ಟಣ ಬಿಚ್ಚಿದರು.

"ತಗೋ ತಮ್ಮಾ. ಯಾಕ ಇಷ್ಟ ಸೊರಗೀದೀ? ಚಾ ಒಂದ ಕುಡದು ಬದುಕ್ತೀಯೇನು?"

"ಮಗಳು ಹೆಂಗದಾರ್‍ರೀ ಅವ್ವಾರ?"

"ಆರಾಮ ಅದಾಳ. ವಾರಕ್ಕೊಂದು ಕಾಗದ ಬರೀತಾಳ. ಅಲ್ಲಿ ಅನ್ನದ ಊಟ, ರೊಟ್ಟಿ ಸಿಗಂಗಿಲ್ಲಂತ. ಉಳದದ್ದೆಲ್ಲಾ ಚಲೋ ಐತಂತ."

ಎಂಟು ತಿಂಗಳು ಕಟ್ಟಿಟ್ಟದ್ದು ಒಮ್ಮೆಗೇ ಬಂತು. "ಅವ್ವಾರ, ಅವತ್ತ ನಾ ಬೇಕಂತ ಮಾಡಲಿಲ್ಲರೀ. ನೀವು ಹೆಚ್ಚಾತು ಅಂದದ್ದು ನನಗ ತಿಳೀಲಿಲ್ಲ. ದೇವರಾಣಿ. ಅವರು ನನ್ನ ಬಗ್ಗೆ ಏನ್ ತಿಳಕೊಂಡ್ರೋ ಅಂತ…"

ಅವ್ವ ಬಾಗಿಲ ಕಡೆ ನೋಡಿದರು. ಸರ್ ಇರಲಿಲ್ಲ, ಹುಡುಗರು ಊಟಕ್ಕೆ ಹೋಗಿದ್ದರು.

"ಹುಚ್ಚ ಅದೀ ನೀ," ಅಂದರು. "ಹೇಳಬಾರ್ದು ಅಂದಿದ್ಲು. ಅಕಿನ್ನ ರೈಲಿಗೆ ಹತ್ತಸಾಕ ಹೋಗೂ ಮುಂದ, ಬಸ್ಸಿನ್ಯಾಗ ನನ್ನ ಹೆಗಲ ಮ್ಯಾಲೆ ತಲಿ ಇಟ್ಟ ಹೇಳಿದ್ಲು. ಆ ಅಂಕಿ ಇಳಿಯೂದು ಅಕಿನೂ ನೋಡಾಕತ್ತಿದ್ಲಂತ. ಇಪ್ಪತ್ತ ಆತು, ಹತ್ತ ಆತು, ಎಲ್ಲಾ ನೋಡಿದ್ಲಂತ. ಮಷಿನ್ನು ನಿಂತ್ರ ತಾರೀಖು ತಪ್ಪತೈತಿ, ಇನ್ನೊಂದ ವರ್ಷ ಬಾಗಲಕೋಟಿಗೆ ಬರಬಹುದು ಅಂತ ಕೈ ನಿಲ್ಲಸಲಿಲ್ಲಂತ. ಎಲ್ಲಾ ಅಳಿಸಿ ಹೋಗತೈತಿ ಅಂತ ಅಕಿಗೆ ಗೊತ್ತಿರಲಿಲ್ಲ. ಆಮ್ಯಾಲೆ ನಿನ್ನ ಮಾರಿ ನೋಡಿದ್ಲು ನೋಡು. ಈ ಹುಡುಗ ಜನುಮಪೂರ್ತಿ ಇದನ್ನ ಹೊತಗೊಂಡ ತಿರಗ್ತಾನವ್ವಾ, ನಾ ಹೋಗಲಿಲ್ಲಂದ್ರ ಇವನಿಂದನ ನನ್ನ ಸಾಲಿ ತಪ್ಪಿತು ಅಂತ ಊರೆಲ್ಲಾ ಅಂತೈತಿ, ಅಂದ್ಲು. ಅದಕ್ಕ ಮೂರ ದಿನ ಬೆನ್ನ ನೆಲಕ್ಕ ಹಚ್ಚದ ಕೂತ ಬರದ್ಲು ತಮ್ಮಾ. ನಿನ್ನ ಮ್ಯಾಲೆ ಮಾತು ಬರಬಾರ್ದು ಅಂತ ಬರದ್ಲು, ಬರದ ದಡಿ ಚಲೋ ಬಂತು, ಅವರು ಆರಿಸಿದ್ರು, ಹೋಗಬೇಕಾತು."